ಗದ್ದೆಯಲ್ಲಿ ಕಪ್ಪೆಗಳ ಸಂತಾನಾಭಿವೃದ್ಧಿ

ಮನೆಯ ಗಾಜಿನ ತೊಟ್ಟಿಯಲ್ಲಿ ಕಪ್ಪೆ ಬೆಳೆಸಿ ಗದ್ದೆಗೆ ಬಿಡಬಹುದೇ ಎಂದು ಕೆಲವು ರೈತ ಬಾಂಧವರು ಕೇಳುವುದುಂಟು. ಗೋಂಕರು ಕಪ್ಪೆಯ ಮಟ್ಟಿಗೆ ಇದು ಕಷ್ಟಸಾಧ್ಯ. ಇದರ ಗೊದಮೊಟ್ಟೆಗಳು ಮಾಂಸಾಹಾರಿಗಳಾದುದರಿಂದ ಇಕ್ಕಟ್ಟಿನಲ್ಲಿ ಒಂದನ್ನೊಂದು ತಿಂದುಹಾಕುತ್ತವೆ. ಗದ್ದೆಯೇ ಇವಕ್ಕೆ ಯೋಗ್ಯ ತೊಟ್ಟಿ.

ಮುಂಗಾರು ಮಳೆ ಬಿದ್ದೊಡನೆ ಗಂಡು ಕಪ್ಪೆಗಳು ಹಳದಿ ಬಣ್ಣ ತಾಳಿ ವಟಗುಟ್ಟುತ್ತವೆ. ಹೆಣ್ಣು ಕಪ್ಪೆ ನಿಂತ ನೀರಿನಲ್ಲಿ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಮರಿಗಳಿಗೆ ಕಾಲು ಮೂಡಿ ಬಾಲ ಕರಗುವವರೆಗೆ, ಅಂದರೆ ಕೆಲವು ವಾರಗಳ ಕಾಲ, ನೀರು ಬತ್ತಬಾರದು.

ಬೆಳೆದ ಕಪ್ಪೆ ಪತಂಗ, ಮಿಡತೆ ಮುಂತಾದ ಕೀಟಗಳನ್ನು ತಿನ್ನುತ್ತದೆ. ಕಪ್ಪೆಯ ಕಾಲುಗಳ ರಫ್ತನ್ನು ಭಾರತ ಸರ್ಕಾರವು 1987ರಲ್ಲಿ ನಿಷೇಧಿಸಿತು. ಆದರೆ ಕೀಟನಾಶಕಗಳ ಅಪಾಯ ಇಂದಿಗೂ ತಪ್ಪಿಲ್ಲ.

ಆದುದರಿಂದ ರೈತರು ಈ ಕ್ರಮಗಳನ್ನು ಅನುಸರಿಸಬೇಕು:

1. ಗದ್ದೆಯ ತಗ್ಗಿನ ಮೂಲೆಯಲ್ಲಿ ಸುಮಾರು ಎರಡು ಅಡಿ ಆಳದ ಗುಂಡಿ ತೋಡಿರಿ. ನೀರು ಬಸಿದಾಗ ಗೊದಮೊಟ್ಟೆಗಳು ಅಲ್ಲಿ ಉಳಿಯುತ್ತವೆ.

2. ಆ ಗುಂಡಿಗೆ ಮೀನು ಬಿಡಬೇಡಿ.

3. ಕೀಟಬಾಧೆ ಆರ್ಥಿಕ ನಷ್ಟದ ಮಟ್ಟ ಮುಟ್ಟಿದಾಗ ಮಾತ್ರ ಔಷಧಿ ಸಿಂಪಡಿಸಿರಿ.

4. ಸಿಂಪರಣಾ ಯಂತ್ರವನ್ನು ಗುಂಡಿಯಲ್ಲಾಗಲಿ ಕಾಲುವೆಯಲ್ಲಾಗಲಿ ತೊಳೆಯಬೇಡಿ.

ಒಂದು ದಿನದ ಗುದ್ದಲಿ ಕೆಲಸವನ್ನು ಬಿಟ್ಟರೆ ಇದಕ್ಕೆ ಬೇರೆ ಖರ್ಚಿಲ್ಲ.