ಪಾದರಸದ ಜಾಗಕ್ಕೆ ಚಿನ್ನ

ದೇವದುರ್ಗ ತಾಲ್ಲೂಕಿನಲ್ಲೂ ಒಂದು ಊಟಿ ಇದೆ. ನೀಲಗಿರಿಯ ತಂಪು ಊಟಿಗೂ ಇದಕ್ಕೂ ಯಾವ ನಂಟೂ ಇಲ್ಲ. ಇಲ್ಲಿರುವುದು ಉರಿಬಿಸಿಲು, ಕಲ್ಲು, ಕಲ್ಲಿನೊಳಗೆ ಚಿನ್ನ. ಮಾನ್ವಿ ಕಡೆಯ ಹೀರಾಬುದ್ದಿನ್ನಿಯಲ್ಲೂ ಇಂಥದೇ ಅದಿರಿದೆ. ಎರಡೂ ಗಣಿಗಳು ಹಟ್ಟಿ ಚಿನ್ನದ ಗಣಿ ಕಂಪೆನಿಗೆ ಸೇರಿದವು. 2001ರಲ್ಲಿ ಕೋಲಾರದ ಗಣಿಗಳಿಗೆ ಬೀಗ ಬಿದ್ದ ಮೇಲೆ ಕರ್ನಾಟಕದ ಚಿನ್ನವೆಂದರೆ ಮುಖ್ಯವಾಗಿ ರಾಯಚೂರು ಜಿಲ್ಲೆಯ ಚಿನ್ನವೇ.

ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ. ಅದನ್ನು ಬೇರ್ಪಡಿಸಲು ಕಲ್ಲನ್ನು ಹಿಟ್ಟಿನಂತೆ ಅರೆದು, ತೀರಾ ತೆಳುವಾದ ಸಯನೈಡ್ ದ್ರಾವಣದಲ್ಲಿ ಕಲಸಿ, ಗಾಳಿ ಊದುತ್ತಾರೆ. ಸಯನೈಡಿನ ಜೊತೆಗೆ ಗಾಳಿಯ ಆಮ್ಲಜನಕವೂ ಸೇರಿದಾಗ ಚಿನ್ನ ಸಕ್ಕರೆಯಂತೆ ಕರಗಿಹೋಗುತ್ತದೆ. ಯಾವುದರೊಡನೆಯೂ ಬೆರೆಯದ ಲೋಹ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ಹುಡುಗನಿಗೆ ಇದು ಅಚ್ಚರಿಯೇ ಸರಿ. ಆದರೆ ಕೊರಳ ಸರದಲ್ಲಿರುವ ಚಿನ್ನದ ಗುಣ ಬೇರೆ, ಎಲೆಕ್ಟ್ರಾನ್ ಕಳೆದುಕೊಂಡು ಅಯಾನ್ ಆದ ಚಿನ್ನದ ಗುಣ ಬೇರೆ.

ಈ ವ್ಯತ್ಯಾಸವನ್ನು ರಸಾಯನ ವಿಜ್ಞಾನಿಗಳೇ ಬಹುಕಾಲ ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ತಾನು ಖರ್ಚಾಗದೆ ಇತರ ವಸ್ತುಗಳ ನಡುವಿನ ಕ್ರಿಯೆಯನ್ನು ಚುರುಕುಗೊಳಿಸುವುದೇ ವೇಗವರ್ಧಕ; ಮದುವೆ ಕುದುರಿಸಿ ಮುಂದಿನ ಮನೆಗೆ ಹೊರಡುವ ದಲ್ಲಾಳಿಯ ಹಾಗೆ. ಈ ಕೆಲಸಕ್ಕೆ ಪ್ಲಾಟಿನಂ, ಪಲ್ಲೇಡಿಯಂ ಹೆಸರಾಗಿದ್ದವು. ಚಿನ್ನ ಕೈಲಾಗದ್ದು ಎಂದು ಬದಿಗೆ ಸರಿದಿತ್ತು.

ಈ ಎಣಿಕೆಯನ್ನು ತಲೆಕೆಳಗು ಮಾಡಿದವರಲ್ಲಿ ಒಬ್ಬರು ಗ್ರಹಾಂ ಹಚಿಂಗ್ಸ್ ಎಂಬ ಬ್ರಿಟಿಷ್ ವಿಜ್ಞಾನಿ. 1980ರ ದಶಕದ ಆರಂಭದಲ್ಲಿ ಅವರು ದಕ್ಷಿಣ ಆಫ್ರಿಕದಲ್ಲಿದ್ದರು. ಅದೂ ಚಿನ್ನದ ನಾಡೇ. ಆದರೆ ಅವರ ಮುಂದಿದ್ದ ಸಮಸ್ಯೆ ಪಿವಿಸಿಯದು. ಹೊಲದ ನೀರಾವರಿಗೆ ಬಳಸುವ ಪೈಪಿನ ಪ್ಲಾಸ್ಟಿಕ್ ಅದು. ಅದರ ಮೂಲವಸ್ತು ವಿನೈಲ್ ಕ್ಲೋರೈಡ್. ಕಲ್ಲಿದ್ದಲು ಹೇರಳವಾಗಿರುವ ದೇಶಗಳಲ್ಲಿ ಇದನ್ನು ಅಸಿಟಿಲೀನ್ ಹಾಗೂ ಹೈಡ್ರೋಜನ್ ಕ್ಲೋರೈಡ್ ಅನಿಲಗಳಿಂದ ತಯಾರಿಸುತ್ತಾರೆ. ಅಲ್ಲಿ ವೇಗವರ್ಧಕವಾಗಿ ಬಳಕೆಯಲ್ಲಿದ್ದುದು ಇದ್ದಿಲಿಗೆ ಹತ್ತಿಸಿದ ಪಾದರಸದ ಕ್ಲೋರೈಡ್. ಕಾವಿಗೆ ಪಾದರಸ ಮೆಲ್ಲಮೆಲ್ಲನೆ ಆವಿಯಾಗಿ ಹೊರಬೀಳುತ್ತದೆ. ಅದು ಎಂಥ ವಿಷವೆಂದು ಹೇಳಬೇಕಿಲ್ಲ.

ಹಚಿಂಗ್ಸ್ ಹೊಸ ಪ್ರಯೋಗಕ್ಕೆ ಮೊದಲು ಹಳೆಯ ಅಂಕಿಗಳನ್ನು ಕೈಗೆತ್ತಿಕೊಂಡರು. ಜಪಾನಿನ ಶಿನೋಡ 1975ರಲ್ಲಿ ಅನೇಕ ಲೋಹಗಳ ಕ್ಲೋರೈಡುಗಳನ್ನು ಇದೇ ಕ್ರಿಯೆಗೆ ಪರೀಕ್ಷಿಸಿ ಫಲಿತಾಂಶ ಪ್ರಕಟಿಸಿದ್ದರು. ಆ ಅಂಕಿಗಳನ್ನು ಹಚಿಂಗ್ಸ್ ಲೋಹಗಳ ಎಲೆಕ್ಟ್ರೋಡ್ ವಿಭವದೊಂದಿಗೆ ಹೋಲಿಸಿದರು. ಎಲೆಕ್ಟ್ರೋಡ್ ವಿಭವ ಎಂದರೆ, ದ್ವಿತೀಯ ಪಿಯುಸಿ ಮಕ್ಕಳು ಪರೀಕ್ಷೆಗೆಂದು ಶಪಿಸುತ್ತಾ ಓದುವ ಅದೇ ಪಟ್ಟಿ! ವಿಭವ ಏರಿದಂತೆ ಲೋಹದ ಚುರುಕೂ ಏರುತ್ತಿತ್ತು. ಹಾಗಾದರೆ ಎಲ್ಲಕ್ಕಿಂತ ಚುರುಕಾಗಿರಬೇಕಾದ್ದು ಪಟ್ಟಿಯ ತುದಿಯಲ್ಲಿರುವ ಚಿನ್ನ. 1985ರಲ್ಲಿ ಅವರು ಹೀಗೆಂದು ಬರೆದರು. ಮುಂದಿನ ಪ್ರಯೋಗಗಳು ಅದನ್ನೇ ಸಾರಿದವು. 1987ರಲ್ಲಿ ಜಪಾನಿನ ಮಸತಾಕೆ ಹರುತ, ಅತಿ ಸಣ್ಣ ಚಿನ್ನದ ಕಣಗಳು ಸೊನ್ನೆಗಿಂತ 70 ಡಿಗ್ರಿ ಕೆಳಗಿನ ಚಳಿಯಲ್ಲೂ ಕಾರ್ಬನ್ ಮಾನಾಕ್ಸೈಡನ್ನು ಸುಡಬಲ್ಲವೆಂದು ತೋರಿಸಿದರು.

ಚಿನ್ನಕ್ಕೆ ಈ ಶಕ್ತಿ ಎಲ್ಲಿಂದ? ಅದರ ಪರಮಾಣುವಿನ ನಡುವೆ 79 ಪ್ರೋಟಾನುಗಳಿವೆ. ಅವುಗಳ ಸೆಳೆತಕ್ಕೆ ಒಳಗಿನ ಎಲೆಕ್ಟ್ರಾನುಗಳ ವೇಗ ಬೆಳಕಿನ ವೇಗದ ಅರ್ಧವನ್ನೂ ದಾಟುತ್ತದೆ. ಐನ್‌ಸ್ಟೈನರ ಸಾಪೇಕ್ಷತೆಯ ನಿಯಮ ಇಲ್ಲಿ ಕೈಯಾಡಿಸಿ ಕೆಲವು ಕಕ್ಷೆಗಳನ್ನು ಕುಗ್ಗಿಸುತ್ತದೆ. ಚಿನ್ನದ ಹಳದಿ ಬಣ್ಣಕ್ಕೂ ಇದೇ ಕಾರಣ. ಹೀಗಾಗಿ ಚಿನ್ನದ ಅಯಾನ್, ಎರಡು ಇಂಗಾಲಗಳ ನಡುವಿನ ಮೂರೆಳೆಯ ಬಂಧ ಕಂಡರೆ ಅದರ ಎಲೆಕ್ಟ್ರಾನುಗಳನ್ನು ತನ್ನತ್ತ ಸೆಳೆಯುತ್ತದೆ. ಬಂಧ ಸಡಿಲವಾಗುತ್ತದೆ. ಆಗ ನೀರೋ ಆಲ್ಕೋಹಾಲೋ ಬಂದು ಸೇರಿಕೊಳ್ಳುತ್ತದೆ, ಚಿನ್ನ ಮುಂದಿನ ಅಣುವಿನತ್ತ ಸಾಗುತ್ತದೆ.

ಮೂರೆಳೆಯ ಬಂಧಕ್ಕೆ ನೀರು ಸೇರಿಸುವ ಕೆಲಸಕ್ಕೂ ಹಿಂದೆ ಪಾದರಸವೇ ಬೇಕಿತ್ತು. ಜಪಾನಿನ ಮಿನಮಾಟ ಪಟ್ಟಣದ ಕಾರ್ಖಾನೆಯಲ್ಲಿ ಅಸಿಟಿಲೀನಿನಿಂದ ಅಸಿಟಾಲ್ಡಿಹೈಡ್ ಆಗುತ್ತಿದ್ದುದು ಹೀಗೆ. ಅಲ್ಲಿನ ಪಾದರಸ ಕೊಲ್ಲಿಯ ಮೀನಿಗೆ, ಮೀನಿನಿಂದ ಮನುಷ್ಯರಿಗೆ ಸೇರಿ, ಕೈಕಾಲು ಸ್ವಾಧೀನ ತಪ್ಪಿದ ರೋಗಿಗಳು 1956ರಲ್ಲಿ ಬೆಳಕಿಗೆ ಬಂದರು. ತಾಯಿಯ ಹೊಟ್ಟೆಯಲ್ಲಿದ್ದ ಕೂಸುಗಳನ್ನೂ ಆ ವಿಷ ಬಿಡಲಿಲ್ಲ.

ಚಿನ್ನ ದುಬಾರಿಯಲ್ಲವೇ ಎಂದು ತಂದೆತಾಯಂದಿರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಜರ್ಮನಿಯ ಬಿಎಎಸ್‌ಎಫ್ ಕಂಪೆನಿಯ ಟೆಲೆಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಚಿನ್ನದ ಒಂದು ಅಯಾನ್ ಒಂದು ಲಕ್ಷದವರೆಗೆ ಅಣುಗಳನ್ನು ಸಿದ್ಧಪಡಿಸಿತ್ತು. ಪಿವಿಸಿ ಕಾರ್ಖಾನೆಯ ಹಳೆಯ ವೇಗವರ್ಧಕದಲ್ಲಿ ತೂಕದ ಸುಮಾರು ಹತ್ತನೇ ಒಂದು ಪಾಲು ಪಾದರಸದ ಕ್ಲೋರೈಡ್ ಇದ್ದರೆ, ಹೊಸದರಲ್ಲಿ ಸುಮಾರು ಸಾವಿರಕ್ಕೊಂದು ಪಾಲು ಚಿನ್ನ ಸಾಕು. ಸವೆದ ಮೇಲೆ ಇದ್ದಿಲನ್ನು ಸುಟ್ಟರೆ ಚಿನ್ನ ಬೂದಿಯಲ್ಲಿ ಉಳಿಯುತ್ತದೆ.

ಬೆಲೆಗಿಂತ ಹೆಚ್ಚು ಕಾಡಿದ್ದು ಬೇರೊಂದು ತೊಡಕು. ಅಯಾನುಗಳು ಮತ್ತೆ ಲೋಹವಾಗಿ ಗಂಟು ಕಟ್ಟಿದರೆ ಚುರುಕು ಹೋಗುತ್ತದೆ. ಗಂಧಕವಿರುವ ಸಂಯುಕ್ತದಿಂದ ಚಿನ್ನವನ್ನು ಹಿಡಿದಿಟ್ಟು ಜಾನ್ಸನ್ ಮ್ಯಾಥಿ ಕಂಪೆನಿ ಮಾರುಕಟ್ಟೆಗೆ ತರುವಷ್ಟರಲ್ಲಿ ಮೂವತ್ತು ವರ್ಷ ಹಿಡಿಯಿತು. ಇದ್ದಿಲಿನ ಮೇಲೆ ದುಡಿಯುವುದು ಒಂಟೊಂಟಿ ಚಿನ್ನದ ಅಯಾನುಗಳೆಂದು ಹಚಿಂಗ್ಸ್ ತಂಡಕ್ಕೆ ಕಣ್ಣಾರೆ ಕಂಡಂತೆ ಖಚಿತವಾದದ್ದು 2017ರಲ್ಲಿ.

ಅದೇ ವರ್ಷ ಪಾದರಸ ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂತು. ಅದರ ಹೆಸರು ಮಿನಮಾಟ ಒಪ್ಪಂದ. 2018ರಲ್ಲಿ ಭಾರತವೂ ಅದನ್ನು ಅನುಮೋದಿಸಿತು. ಪಾದರಸವಿಲ್ಲದ ವೇಗವರ್ಧಕ ತಾಂತ್ರಿಕವಾಗಿಯೂ ಆರ್ಥಿಕವಾಗಿಯೂ ಸಾಧ್ಯವೆಂದು ಸದಸ್ಯ ರಾಷ್ಟ್ರಗಳ ಸಭೆ ತೀರ್ಮಾನಿಸಿದ ಐದು ವರ್ಷಕ್ಕೆ, ವಿನೈಲ್ ಕ್ಲೋರೈಡ್ ಕಾರ್ಖಾನೆಗಳು ಪಾದರಸ ಬಿಡಬೇಕೆಂದು ಅದರಲ್ಲಿ ಬರೆದಿದೆ.