ಸೇವೆಗೆ ಬಂದ ಅತಿಥಿಗಳು

ಚಳಿಗಾಲವು ಕಾಲಿಟ್ಟೊಡನೆ ಯುರೋಪು ಅಮೇರಿಕಗಳಿಂದ ನಮ್ಮ ದೇಶಕ್ಕೆ ಬರುವ ಪ್ರವಾಸಿಗಳಲ್ಲಿ ಒಂದು ವಿಶೇಷ ವರ್ಗದವರುಂಟು. ತಾಜಮಹಲನ್ನು ನೋಡುವುದು ಇವರ ಮುಖ್ಯೋದ್ದೇಶವಲ್ಲ. ಇಪ್ಪತ್ತು ಇಪ್ಪತ್ತೆರಡರ ಪ್ರಾಯದ ತರುಣ ತರುಣಿಯರು. ಕ್ರೈಸ್ತ ಮನೆತನಗಳಲ್ಲಿ ಬೆಳೆದವರು. ಎರಡು ವಾರವೋ ಒಂದು ತಿಂಗಳೋ ಬಡವರ ಸೇವೆಮಾಡಿ ಹಿಂತಿರುಗಬೇಕೆಂದು ತಮ್ಮ ಖರ್ಚಿನಿಂದಲೇ ಹೊರಟುಬಂದವರು. ಇಂಥವರನ್ನು ಕಂಡಾಗ ನಮ್ಮ ಜನರು ಎರಡು ಬಗೆಯಾಗಿ ನಡೆದುಕೊಳ್ಳುತ್ತಾರೆ. ಕೆಲವರು ಹಾರ ತುರಾಯಿಗಳೊಡನೆ ಎದುರುಗೊಂಡು, ಎಲ್ಲರಿಗಿಂತ ಎತ್ತರದ ಕುರ್ಚಿಯಲ್ಲಿ ಕುಳ್ಳಿರಿಸಿ, ಬಿಳಿಯ ಮೈಬಣ್ಣಕ್ಕೆ ಹಳೆಯ ಕಾಲದ ಸಲಾಮನ್ನು ಒಪ್ಪಿಸುತ್ತಾರೆ. ಮತ್ತೆ ಕೆಲವರು, ಇವರು ಮತಾಂತರಕ್ಕೆ ಬಂದವರೆಂದು ವಿಚಾರಿಸದೆಯೇ ತಳ್ಳಿಬಿಡುತ್ತಾರೆ. ಮೊದಲನೆಯದು ದಾಸ್ಯದ ಕಾಲದಿಂದ ಉಳಿದುಬಂದ ಚಟ. ಎರಡನೆಯದು ಯೋಚಿಸುವ ಶ್ರಮವನ್ನು ಉಳಿಸಿಕೊಳ್ಳುವ ಸುಲಭೋಪಾಯ. ಎರಡೂ ಸ್ವತಂತ್ರ ಜನಾಂಗಕ್ಕೆ ಒಪ್ಪುವಂಥವಲ್ಲ. ಬಂದವನು ಇಲ್ಲಿ ಯಾರ ಮಾತನ್ನು ಕೇಳಿ ಕೆಲಸಮಾಡಿದನು, ಹೋಗುವಾಗ ಏನನ್ನು ಕಲಿತು ಹೋದನು ಎಂಬುದೇ ನಮ್ಮ ಅಳತೆಗೋಲಾಗಬೇಕು. ಈ ಮಾತಿಗೆ ನಮ್ಮ ದೇಶದ ಚರಿತ್ರೆಯಲ್ಲಿಯೇ ಒಳ್ಳೆಯ ಸಾಕ್ಷ್ಯವಿದೆ.

೧೯೦೪ರಲ್ಲಿ ಅಮೇರಿಕದ ಫಿಲಡೆಲ್ಫಿಯ ನಗರದಿಂದ ಸ್ಯಾಮ್ಯುಯೆಲ್ ಇವಾನ್ಸ್ ಸ್ಟೋಕ್ಸ್ ಎಂಬ ತರುಣರೊಬ್ಬರು ಹಿಂದೂಸ್ಥಾನಕ್ಕೆ ಬಂದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಶ್ರೀಮಂತರ ಮಗ, ಯುದ್ಧವನ್ನೂ ಆಡಂಬರವನ್ನೂ ಒಲ್ಲದ ಕ್ವೇಕರ್ ಪಂಥದ ಮನೆತನ. ತಂದೆಯ ವ್ಯಾಪಾರದಲ್ಲಿ ಸೇರಿ ಸುಖವಾಗಿರಬಹುದಾಗಿದ್ದ ಹುಡುಗನು ಸಿಮ್ಲಾ ಬೆಟ್ಟಗಳ ಸಬಾತು ಎಂಬ ಊರಿನ ಕುಷ್ಠರೋಗಿಗಳ ಆಶ್ರಮದಲ್ಲಿ ಕೆಲಸಮಾಡಲು ಹೊರಟಾಗ ಮನೆಯವರಿಗೆ ಸಂತೋಷವಾಗಲಿಲ್ಲ. ಮರುವರ್ಷವೇ, ಎಂದರೆ ೧೯೦೫ರ ಏಪ್ರಿಲ್ ೪ರಂದು, ಕಾಂಗಡಾ ಕಣಿವೆಯಲ್ಲಿ ಭೂಕಂಪವಾಗಿ ಸುಮಾರು ಇಪ್ಪತ್ತು ಸಾವಿರ ಮಂದಿ ಮಡಿದರು. ಸ್ಟೋಕ್ಸರು ಅಲ್ಲಿಗೂ ಪರಿಹಾರಕಾರ್ಯಕ್ಕೆ ಧಾವಿಸಿದರು.

ಇಷ್ಟರಲ್ಲಿಯೇ ಹಿಂತಿರುಗಿದ್ದರೆ ಅವರು ತಮ್ಮ ಊರಿನ ಸಭೆಗಳಲ್ಲಿ ಹೇಳಿಕೊಳ್ಳಲು ಸಾಕಷ್ಟು ವಿಷಯವಿತ್ತು. ಆದರೆ ಅವರ ಮನಸ್ಸನ್ನು ಒಂದು ಸಂಗತಿಯು ಚುಚ್ಚತೊಡಗಿತು. ತಾವು ಎಷ್ಟು ಪ್ರೀತಿಯಿಂದ ಮುಂದೆ ಬಂದರೂ ಬೆಟ್ಟದ ರೈತನ ಕಣ್ಣಿಗೆ ತಾವು ಸಾಹೇಬರೇ. ಕೊಡುವ ಕೈ ಮೇಲೆ, ಪಡೆಯುವ ಕೈ ಕೆಳಗೆ. ಈ ಅಂತರವನ್ನು ಕಳೆದುಕೊಳ್ಳಲು ಅವರು ವಿಲಾಯಿತಿ ಉಡುಪನ್ನು ಬಿಟ್ಟರು. ಸಾಧುವಿನಂತೆ ಬಡತನದಲ್ಲಿ ಬಾಳಿದರು. ಸಂಗಡಿಗರೊಡನೆ ಒಂದು ಬ್ರಹ್ಮಚಾರಿ ಸಂಘವನ್ನೂ ಕಟ್ಟಿದರು. ಅದೂ ಸಾಲದೆ ಹೋಯಿತು. ಸಾಹೇಬನ ಮುಂದೆ ಜನರು ಭಯದಿಂದ ದೂರ ನಿಲ್ಲುತ್ತಾರೆ, ಸಾಧುವಿನ ಮುಂದೆ ಭಕ್ತಿಯಿಂದ ದೂರ ನಿಲ್ಲುತ್ತಾರೆ. ದೂರವಂತೂ ಉಳಿದೇ ಉಳಿಯುತ್ತದೆ. ಕಡೆಗೆ ೧೯೧೨ರಲ್ಲಿ ಆ ಬೆಟ್ಟಸೀಮೆಯ ಕನ್ಯೆಯನ್ನೇ ಮದುವೆಯಾಗಿ, ಕೋಟಗಢದ ಬಳಿ ಜಮೀನು ಕೊಂಡು, ಊರಿನ ಒಕ್ಕಲುಗಳಲ್ಲಿ ತಾವೂ ಒಬ್ಬ ಒಕ್ಕಲಾದರು. ಅಮೇರಿಕದಿಂದ ಒಳ್ಳೆಯ ಜಾತಿಯ ಸೇಬಿನ ಸಸಿಗಳನ್ನು ತರಿಸಿ ನೆಟ್ಟರು, ನೆರೆಹೊರೆಯವರಿಗೂ ಹಂಚಿದರು. ಹಿಮಾಚಲದ ಸಾವಿರಾರು ಕುಟುಂಬಗಳ ಇಂದಿನ ಸೇಬಿನ ಬೇಸಾಯಕ್ಕೆ ಅಡಿಪಾಯವು ಬಿದ್ದುದು ಹೀಗೆ.

ಒಕ್ಕಲಾದ ಮೇಲೆಯೇ ಅವರಿಗೆ ಒಕ್ಕಲಿನ ಕಷ್ಟವು ನಿಜವಾಗಿ ತಿಳಿದುದು. ಆ ಸೀಮೆಯಲ್ಲಿ ಪ್ರವಾಸ ಹೊರಟ ಸರಕಾರಿ ಅಧಿಕಾರಿಯ ಗಂಟುಮೂಟೆಗಳನ್ನು ಹಳ್ಳಿಯವರು ಹೊರಬೇಕೆಂಬ ಬಿಟ್ಟಿಯ ಪದ್ಧತಿಯು ಬಲವಾಗಿತ್ತು. ಸುಗ್ಗಿಯಾಗಲಿ, ಹಿಮವಾಗಲಿ, ಕರೆ ಬಂದೊಡನೆ ಹೊಲವನ್ನು ಬಿಟ್ಟು ಹೋಗಲೇಬೇಕು. ಕುಷ್ಠರೋಗಿಯ ಹುಣ್ಣನ್ನು ತೊಳೆಯುವುದಕ್ಕೆ ಯಾವ ಅಧಿಕಾರಿಯೂ ಅಡ್ಡಿಮಾಡಿರಲಿಲ್ಲ. ಬಿಟ್ಟಿಯನ್ನು ಪ್ರಶ್ನಿಸಿದೊಡನೆ ಸ್ಟೋಕ್ಸರು ಸರಕಾರಕ್ಕೆ ಬೇಡವಾದರು. ಅವರ ನಾಯಕತ್ವದಲ್ಲಿ ರೈತರು ಒಗ್ಗಟ್ಟಾಗಿ ನಿಂತುದರಿಂದ ೧೯೨೧ರಲ್ಲಿ ಆ ಸೀಮೆಯ ಬಿಟ್ಟಿಗೆ ತಡೆ ಬಿದ್ದಿತು. ಅದೇ ವರ್ಷದ ಡಿಸೆಂಬರಿನಲ್ಲಿ ರಾಜದ್ರೋಹದ ಆರೋಪದ ಮೇಲೆ ಅವರಿಗೆ ಆರು ತಿಂಗಳ ಸೆರೆವಾಸವಾಯಿತು. ಗಾಂಧೀಜಿಯವರು ತಮ್ಮ ಪತ್ರಿಕೆಯಲ್ಲಿ ಅವರನ್ನು ಕೊಂಡಾಡಿದರು. ೧೯೩೨ರಲ್ಲಿ ಅವರು ಹಿಂದೂ ಧರ್ಮವನ್ನು ಸ್ವೀಕರಿಸಿ ಸತ್ಯಾನಂದರೆನಿಸಿದರು; ೧೯೪೬ರ ಮೇ ತಿಂಗಳಿನಲ್ಲಿ, ಸ್ವಾತಂತ್ರ್ಯಕ್ಕೆ ಒಂದು ವರ್ಷ ಮುಂಚೆ, ತೀರಿಕೊಂಡರು. ಯಾವ ಮತದಿಂದ ಯಾವ ಮತಕ್ಕೆ ಬಂದರೆಂಬ ಲೆಕ್ಕವು ಪ್ರಕೃತ ನಮಗೆ ಮುಖ್ಯವಲ್ಲ. ಕಲಿಸಲು ಬಂದ ತರುಣನು ಕಲಿಯಲು ಒಪ್ಪಿದುದರಿಂದಲೇ ಈ ಕೆಲಸಗಳೆಲ್ಲ ಆದುವೆಂಬುದನ್ನು ವಾಚಕರು ಗಮನಿಸಬೇಕು.

ಎಲ್ಲರೂ ಸ್ಟೋಕ್ಸರಾಗಲಾರರೆಂಬುದು ನಿಜ. ಓದನ್ನೋ ಉದ್ಯೋಗವನ್ನೋ ಬಿಟ್ಟು ಬಾಳೆಲ್ಲ ಇಲ್ಲಿಯೇ ನಿಲ್ಲೆಂದು ನಾವು ಯಾರನ್ನೂ ಕೇಳುವ ಹಾಗಿಲ್ಲ. ಹಾಗಾದರೆ ಕೆಲವು ದಿನಗಳಿಗಾಗಿ ಬಂದವರಿಂದ ಏನೂ ಆಗದೆ? ಆಗುತ್ತದೆ, ಬಿಹಾರದಲ್ಲಿ ಆಯಿತು.

೧೯೩೪ರ ಜನವರಿ ೧೫ರಂದು ಉತ್ತರ ಬಿಹಾರವು ನಡುಗಿತು. ನೆಲವು ಬಿರಿದು ಒಳಗಿನ ಮರಳು ಉಕ್ಕಿ ಹೊಲಗಳನ್ನೂ ಬಾವಿಗಳನ್ನೂ ಮುಚ್ಚಿತು. ಭೂಮಿಯ ಮಟ್ಟವೇ ಏರುಪೇರಾಗಿ, ಮಳೆಗಾಲದಲ್ಲಿ ಅನೇಕ ಹಳ್ಳಿಗಳಿಗೆ ನೆರೆಯ ಭಯವುಂಟಾಯಿತು. ಬಾಬು ರಾಜೇಂದ್ರ ಪ್ರಸಾದರು ಪರಿಹಾರ ಸಮಿತಿಯ ಭಾರವನ್ನು ಹೊತ್ತರು. ಆಗ ಸ್ವಿಟ್ಸರ್ಲೆಂಡಿನಿಂದ ಪಿಯೆರ್ ಸೆರೆಸೋಲ್ ಎಂಬ ಎಂಜಿನಿಯರರು ಬಂದರು. ಇವರು ಆ ದೇಶದ ಅಧ್ಯಕ್ಷರಾಗಿದ್ದವರ ಮಗ. ಕ್ರಿಸ್ತನ ಉಪದೇಶಕ್ಕೂ ಸೈನ್ಯಕ್ಕೂ ಹೊಂದಿಕೆಯಿಲ್ಲವೆಂದು ನಂಬಿ, ಸೈನ್ಯದ ತೆರಿಗೆಯನ್ನು ಕೊಡಲೊಲ್ಲದೆ ಸೆರೆಮನೆಯನ್ನು ಕಂಡವರು. ಮೊದಲನೆಯ ಮಹಾಯುದ್ಧದಲ್ಲಿ ಹಾಳಾದ ಫ್ರಾನ್ಸಿನ ಒಂದು ಹಳ್ಳಿಯನ್ನು ಕಟ್ಟಲು ೧೯೨೦ರಲ್ಲಿ, ನಿನ್ನೆಯ ವೈರಿಗಳಾಗಿದ್ದ ದೇಶಗಳ ಜನರನ್ನೇ ಕೂಡಿಸಿಕೊಂಡು ಗುದ್ದಲಿ ಹಿಡಿದವರು. ಸರ್ವಿಸ್ ಸಿವಿಲ್ ಇಂಟರ್ನ್ಯಾಶನಲ್ ಎಂಬ ಸೇವಾಸಂಘವು ಹುಟ್ಟಿದುದು ಅಲ್ಲಿ.

ಸೆರೆಸೋಲರು ಬಿಹಾರಕ್ಕೆ ಕರೆತಂದ ಸಂಗಡಿಗರು ಮೂವರೇ. ಮುಜಫ್ಫರಪುರ ಜಿಲ್ಲೆಯಲ್ಲಿ ನೆರೆಗೆ ಸಿಕ್ಕುವ ಹಳ್ಳಿಗಳನ್ನು ಎತ್ತರದ ನೆಲಕ್ಕೆ ಸಾಗಿಸಿ ಹೊಸದಾಗಿ ಕಟ್ಟುವ ಕೆಲಸವನ್ನು ಕೈಗೊಂಡರು; ಅವುಗಳಲ್ಲಿ ಒಂದಕ್ಕೆ ಶಾಂತಿಪುರವೆಂದು ಹೆಸರಾಯಿತು. ಅವರು ಒಂದು ಕಡೆ ರಾಜೇಂದ್ರ ಬಾಬುಗಳ ಜನರನ್ನೂ ಮತ್ತೊಂದು ಕಡೆ ಸರಕಾರಿ ಅಧಿಕಾರಿಗಳನ್ನೂ ಕಂಡು, ಎಲ್ಲಿ ಯಾವ ಕೆಲಸವು ಬೇಕೆಂಬುದನ್ನು ಕೇಳಿ ತಿಳಿದುಕೊಂಡರು. ನಾಲ್ವರು ಪರದೇಶಿಗಳು ಹೊತ್ತ ಮಣ್ಣಿನ ತೂಕವನ್ನು ಲೆಕ್ಕಹಾಕಿದರೆ ಅದು ಅಲ್ಪವೇ. ಬಿಹಾರದಲ್ಲಿ ಮಣ್ಣು ಹೊರುವವರಿಗೇನೂ ಕೊರತೆಯಿರಲಿಲ್ಲ. ಆದರೆ ಆಳುವವರ ಮೈಬಣ್ಣದವನು ಬುಟ್ಟಿಯನ್ನು ಹೊತ್ತು ಆಳಿಸಿಕೊಳ್ಳುವವರ ಸಾಲಿನಲ್ಲಿ ನಡೆದುದನ್ನು ಆ ಹಳ್ಳಿಗಳು ಹಿಂದೆಂದೂ ಕಂಡಿರಲಿಲ್ಲ.

ಅದೇ ಸಂಘದ ಸ್ವಯಂಸೇವಕರು ಸ್ವಾತಂತ್ರ್ಯ ಬಂದ ಮೇಲೆ, ೧೯೫೦ರ ದಶಕದಲ್ಲಿ, ಮಧ್ಯ ಹಿಂದೂಸ್ಥಾನದ ವರೋರಾ ಊರಿಗೆ ಬಂದರು. ಅಲ್ಲಿ ಮುರಳೀಧರ ದೇವಿದಾಸ ಆಮ್ಟೆಯವರು, ಎಂದರೆ ಬಾಬಾ ಆಮ್ಟೆಯವರು, ವಕೀಲಿಯನ್ನು ಬಿಟ್ಟು ಕುಷ್ಠರೋಗಿಗಳಿಗಾಗಿ ಆನಂದವನವನ್ನು ಕಟ್ಟುತ್ತಿದ್ದರು. ರೋಗಿಗಳು ಬಂಜರು ನೆಲವನ್ನು ಅಗೆದು ತರಕಾರಿಯನ್ನು ಬೆಳೆದರೆ ಪೇಟೆಯವರು ಅದನ್ನು ಮುಟ್ಟುತ್ತಿರಲಿಲ್ಲ. ಬೆಳೆದವನ ಕೈಯ ರೋಗವು ಬೆಳೆಗೂ ಅಂಟಿರುವುದೆಂಬ ಭಯ. ಪರದೇಶದ ತರುಣರು ಆನಂದವನದಲ್ಲಿ ಕಟ್ಟಡಗಳನ್ನು ಕಟ್ಟಿಕೊಟ್ಟರು. ಅದಕ್ಕಿಂತ ದೊಡ್ಡ ಕೆಲಸವೊಂದು ಅವರಿಂದ ಅಲ್ಲಿ ತಾನಾಗಿ ನಡೆಯಿತು: ದಿನವೂ ಅಲ್ಲಿಯ ರೋಗಿಗಳು ಬೆಳೆದ ತರಕಾರಿಯನ್ನೇ ಉಂಡರು. ಇದನ್ನು ಕಂಡ ವರೋರಾದ ಜನರ ಭಯವು ಮೆಲ್ಲಮೆಲ್ಲನೆ ಕರಗಿ, ಆನಂದವನದ ತರಕಾರಿಯನ್ನು ಕೊಳ್ಳತೊಡಗಿದರು. ಕೆಲವು ತಿಂಗಳುಗಳಿಗೆ ಬಂದ ಅತಿಥಿಯು ಮಾಡಬಹುದಾದ ಸೇವೆಗೆ ಇದಕ್ಕಿಂತ ಒಳ್ಳೆಯ ನಿದರ್ಶನವು ನಮಗೆ ತಿಳಿಯದು. ಜೊತೆಗೆ ಇದು ನಮಗೆ ನಾಚಿಕೆಯ ಸಂಗತಿಯೂ ಹೌದು. ನಮ್ಮವರು ಬೆಳೆದುದನ್ನು ನಾವು ಉಣ್ಣಲು ಪರದೇಶದವರು ಮೊದಲು ಉಂಡು ತೋರಿಸಬೇಕಾಯಿತು.

ಇನ್ನು ಇಂದಿನ ಸ್ಥಿತಿಯನ್ನು ನೋಡೋಣ. ಇಂಥ ತರುಣರು ಹೆಚ್ಚಾಗಿ ಬರುವ ಸ್ಥಳಗಳಲ್ಲಿ ಕಲ್ಕತ್ತೆಯು ಒಂದು. ಅಲ್ಲಿ ಕಾಳಿಯ ಗುಡಿಯ ಪಕ್ಕದಲ್ಲಿ, ನಗರಸಭೆಯು ಬಿಟ್ಟುಕೊಟ್ಟ ಯಾತ್ರಿಕರ ವಸತಿಯೊಂದರಲ್ಲಿ, ಮದರ್ ತೆರೇಸಾ ಅವರು ೧೯೫೨ರಲ್ಲಿ ಮರಣೋನ್ಮುಖರಿಗಾಗಿ ‘ನಿರ್ಮಲ ಹೃದಯ’ವನ್ನು ತೆರೆದರು. ೧೯೯೭ರಲ್ಲಿ ಅವರು ತೀರಿಕೊಂಡ ಮೇಲೆಯೂ ನಾನಾ ದೇಶಗಳ ಸ್ವಯಂಸೇವಕರು ಅವರ ಸಂಘದ ಮನೆಗಳಿಗೆ ಬರುತ್ತಿದ್ದಾರೆ. ಬೆಳಿಗ್ಗೆ ರೊಟ್ಟಿ, ಬಾಳೆಹಣ್ಣು, ಚಹಾ. ಅನಂತರ ರೋಗಿಗಳ ಬಟ್ಟೆಯನ್ನು ಕೈಯಿಂದ ಒಗೆಯುವುದು, ಪಾತ್ರೆ ತಿಕ್ಕುವುದು, ತಾವಾಗಿ ಉಣ್ಣಲಾರದವರಿಗೆ ಉಣ್ಣಿಸುವುದು. ತನ್ನ ಮನೆಯಲ್ಲಿ ಬಟ್ಟೆಯನ್ನು ಯಂತ್ರಕ್ಕೆ ಹಾಕಿ ಬೆಳೆದ ಹುಡುಗನು ಇಲ್ಲಿ ಅಪರಿಚಿತ ಮುದುಕನ ಹಾಸಿಗೆಯ ಬಟ್ಟೆಯನ್ನು ಹಿಂಡುತ್ತಾನೆ. ಇದನ್ನು ನಾವು ಲಘುವಾಗಿ ಕಾಣಲಾರೆವು.

ಆದರೆ ಒಳ್ಳೆಯ ಮನಸ್ಸೊಂದೇ ಸಾಲದು. ಲ್ಯಾನ್ಸೆಟ್ ಎಂಬ ಇಂಗ್ಲಿಷ್ ವೈದ್ಯಪತ್ರಿಕೆಯ ಸಂಪಾದಕರಾಗಿದ್ದವರು ಕಲ್ಕತ್ತೆಯ ಆ ಮನೆಯನ್ನು ನೋಡಿಬಂದು ೧೯೯೪ರಲ್ಲಿ ಬರೆದ ಲೇಖನದಲ್ಲಿ, ನೋವಿಳಿಸುವ ಬಲವಾದ ಔಷಧಗಳ ಕೊರತೆಯನ್ನೂ ರೋಗಪರೀಕ್ಷೆಯ ಕೊರತೆಯನ್ನೂ ಎತ್ತಿ ತೋರಿಸಿದರು. ವಾತ್ಸಲ್ಯವು ವೈದ್ಯನ ಸ್ಥಾನವನ್ನು ತುಂಬಲಾರದು. ಅನಾಥಾಲಯಗಳ ವಿಷಯವು ಇನ್ನೂ ಸೂಕ್ಷ್ಮವಾದುದು. ತಂದೆತಾಯಿಗಳನ್ನು ಅಗಲಿದ ಮಗುವು ಪರದೇಶದ ಅಕ್ಕನೊಬ್ಬಳಿಗೆ ಅಂಟಿಕೊಳ್ಳುತ್ತದೆ. ಮೂರನೆಯ ವಾರ ಆಕೆಯು ವಿಮಾನವೇರುತ್ತಾಳೆ. ಮುಂದಿನ ತಿಂಗಳು ಮತ್ತೊಬ್ಬಳು. ಅಗಲಿಕೆಯನ್ನೇ ಪಾಠವಾಗಿ ಕಲಿಸುವ ಈ ಸೇವೆಯು ಮಗುವಿಗೆ ಸೇವೆಯಲ್ಲ. ಹಳ್ಳಿಯ ಶಾಲೆಗೆ ಬಣ್ಣ ಬಳಿಯುವ ಉತ್ಸಾಹವೂ ಅಂತಹದೇ. ಆ ಊರಿನಲ್ಲಿಯೇ ಬಣ್ಣ ಬಳಿಯುವವನು ಕೂಲಿಯಿಲ್ಲದೆ ಕುಳಿತಿರುವಾಗ, ವಿಮಾನದ ಟಿಕೆಟ್ಟಿಗೆ ಲಕ್ಷ ರೂಪಾಯಿ ವೆಚ್ಚಮಾಡಿ ಬಂದು ಅವನ ಕೆಲಸವನ್ನು ಪುಕ್ಕಟೆಯಾಗಿ ಮಾಡುವುದರಲ್ಲಿ ಯಾವ ಪರೋಪಕಾರವಿದೆ?

ಅಧಿಕಾರಿಗಳಾಗಿರುವ ನಮ್ಮ ವಾಚಕರಿಗೆ ಕಾನೂನನ್ನು ನೆನಪುಮಾಡಬೇಕಾಗಿದೆ. ಇ-ಪ್ರವಾಸಿ ವೀಸಾದ ಮೇಲೆ ಬಂದವರು ಹಣವನ್ನಾಗಲಿ ಪ್ರತಿಫಲವನ್ನಾಗಲಿ ಪಡೆಯದೆ ಹೆಚ್ಚೆಂದರೆ ಒಂದು ತಿಂಗಳ ಕಾಲ ಸ್ವಯಂಸೇವೆ ಮಾಡಬಹುದೆಂದು ನಿಯಮವಿದೆ. ಧರ್ಮಪ್ರಚಾರಕ್ಕೆ ಬರುವವರಿಗೆ ಬೇರೆ ಬಗೆಯ ವೀಸಾ ಉಂಟು. ಒಂದರ ಹೆಸರಿನಲ್ಲಿ ಮತ್ತೊಂದನ್ನು ಮಾಡುವುದು ಅತಿಥಿಗೆ ತಕ್ಕುದಲ್ಲ. ೨೦೧೫ರ ಬಾಲನ್ಯಾಯ ಕಾಯಿದೆಯಂತೆ ಮಕ್ಕಳ ಪಾಲನಾಸಂಸ್ಥೆಗಳು ನೋಂದಣಿಯಾಗಿರಲೇಬೇಕು. ಅಲ್ಲಿಯ ಮಕ್ಕಳ ಗುರುತನ್ನು ಪ್ರಕಟಿಸುವುದು ಅಪರಾಧ. ಅತಿಥಿಯು ಮಗುವನ್ನು ಎತ್ತಿಕೊಂಡು ತೆಗೆಸಿಕೊಂಡ ಚಿತ್ರವನ್ನು ಲೋಕಕ್ಕೆಲ್ಲ ಹಂಚುವ ಮುನ್ನ ಸಂಸ್ಥೆಯವರು ತಡೆಯಬೇಕು. ನಿಯಮವನ್ನು ಮೊದಲ ದಿನವೇ ವಿನಯದಿಂದ ಹೇಳಿಬಿಟ್ಟರೆ ಸಂಶಯಕ್ಕೂ ಕಿರುಕುಳಕ್ಕೂ ಅವಕಾಶವುಳಿಯದು.

ಹಿಂತಿರುಗಿದ ಮೇಲೆ ಅವರು ಏನು ಹೇಳುತ್ತಾರೆಂಬುದೂ ನಮಗೆ ಸಂಬಂಧಪಟ್ಟ ವಿಷಯವೇ. ಕ್ಯಾಥರೀನ್ ಮೇಯೊ ಎಂಬ ಅಮೇರಿಕದ ಲೇಖಕಿಯು ಕೆಲವೇ ತಿಂಗಳು ಇಲ್ಲಿ ತಿರುಗಾಡಿ ೧೯೨೭ರಲ್ಲಿ ‘ಮದರ್ ಇಂಡಿಯಾ’ ಎಂಬ ಪುಸ್ತಕವನ್ನು ಪ್ರಕಟಿಸಿದಳು. ಗಾಂಧೀಜಿಯವರು ಅದನ್ನು ಚರಂಡಿ ಪರೀಕ್ಷಕನ ವರದಿಗೆ ಹೋಲಿಸಿದುದು ಪ್ರಸಿದ್ಧವಾಗಿದೆ. ಆದರೂ ನಮ್ಮವರು ಆ ಪುಸ್ತಕವನ್ನು ಓದಬೇಕೆಂದೇ ಅವರ ಅಭಿಪ್ರಾಯವಾಗಿತ್ತು, ಚರಂಡಿಯಿರುವುದು ಸುಳ್ಳಾಗಿರಲಿಲ್ಲವಷ್ಟೆ. ಇಂದಿನ ತರುಣನು ಊರಿಗೆ ಬರೆಯುವಾಗ ಕೊಳೆಗೇರಿಯ ಕೊಳೆಯೊಡನೆ, ಅದೇ ಗೇರಿಯಲ್ಲಿ ಪಕ್ಕದ ಮನೆಯ ಮಗುವಿಗೆ ಗಂಜಿ ಹಾಕುವ ತಾಯಿಯನ್ನೂ ಬರೆಯಲಿ ಎಂದಷ್ಟೇ ನಮ್ಮ ಕೋರಿಕೆ. ಕನ್ನಡಿಗರು ಇದಕ್ಕೊಂದು ಮೇಲ್ಪಂಕ್ತಿಯನ್ನು ಬಲ್ಲರು. ಫರ್ಡಿನಂಡ್ ಕಿಟ್ಟೆಲರು ೧೮೫೩ರಲ್ಲಿ ಇಪ್ಪತ್ತೊಂದರ ಪ್ರಾಯದಲ್ಲಿ ಬಂದುದು ತಮ್ಮ ಮತವನ್ನು ಬೋಧಿಸಲಿಕ್ಕೆ; ಇಂದು ನಾವು ಅವರನ್ನು ನೆನೆಯುವುದು ಅವರು ನಮ್ಮಿಂದ ಕಲಿತು ೧೮೯೪ರಲ್ಲಿ ನಮಗೆ ಒಪ್ಪಿಸಿದ ನಿಘಂಟುವಿಗಾಗಿ.

ಕಡೆಯದಾಗಿ ನಮ್ಮ ಮನೆಯ ಮಾತು. ಪರದೇಶದ ಹುಡುಗನು ಸಾವಿರಾರು ಮೈಲಿ ದಾಟಿ ಬಂದು ನಮ್ಮ ಅನಾಥ ವೃದ್ಧನ ಬಟ್ಟೆಯನ್ನು ಒಗೆಯುವಾಗ, ಅದೇ ನಗರದಲ್ಲಿ ಕಾಲೇಜು ರಜೆಯನ್ನು ಕಳೆಯುತ್ತಿರುವ ನಮ್ಮ ಹುಡುಗನೆಲ್ಲಿದ್ದಾನೆ? ಸೇವೆಗೆ ನಿಂತ ನಮ್ಮ ತರುಣರು ಇಲ್ಲವೆಂದಲ್ಲ. ಆನಂದವನದ ಬಳಗದವರ ಶ್ರಮಶಿಬಿರಗಳಲ್ಲಿ ದೇಶದ ಸಾವಿರಾರು ಯುವಕರು ಗುದ್ದಲಿ ಹಿಡಿದಿದ್ದಾರೆ. ಆದರೆ ನಮ್ಮ ಜನಸಂಖ್ಯೆಯನ್ನು ನೋಡಿದರೆ ಅದು ಸಾಲದು. ನಮ್ಮ ಊರಿನ ಸರಕಾರಿ ಆಸ್ಪತ್ರೆಯಲ್ಲಿ ಕೇಳುವವರಿಲ್ಲದೆ ಮಲಗಿದ ರೋಗಿಗೆ ನೀರು ಕೊಡಲು ವೀಸಾ ಬೇಕಿಲ್ಲ. ಭಾಷೆಯನ್ನು ಹೊಸದಾಗಿ ಕಲಿಯಬೇಕಾಗಿಯೂ ಇಲ್ಲ.

ಬರುವ ಅತಿಥಿಗಳು ಬರಲಿ. ಅವರಿಗೆ ಎತ್ತರದ ಕುರ್ಚಿಯೂ ಬೇಡ, ಬಾಗಿಲಲ್ಲಿ ಬೈಗಳೂ ಬೇಡ. ನಮ್ಮ ಪಂಕ್ತಿಯಲ್ಲಿಯೇ ಒಂದು ಎಲೆಯನ್ನು ಹಾಕಿ, ಊಟವಾದ ಮೇಲೆ, ಆಗಬೇಕಾದ ಕೆಲಸವನ್ನು ತೋರಿಸೋಣ. ಆ ಕೆಲಸವನ್ನು ನಾವು ಅವರು ಬರುವುದಕ್ಕೆ ಮೊದಲೇ ಆರಂಭಿಸಿರಬೇಕು, ಅವರು ಹೋದ ಮೇಲೆಯೂ ನಡೆಸುತ್ತಿರಬೇಕು.