ವಾಹನವಿಲ್ಲದ ಒಂದು ದಿನ: ಯಾವ ದ್ವೀಪಕ್ಕೆ ಹೋಗೋಣ?

ಸಂಸ್ಕೃತದ ‘ದ್ವೀಪ’ ಶಬ್ದವು ‘ದ್ವಿ’ ಮತ್ತು ‘ಅಪ್’ ಎಂಬೆರಡು ಪದಗಳಿಂದ ಆದುದು. ಎರಡು ಮಗ್ಗುಲಲ್ಲಿಯೂ ನೀರುಳ್ಳ ನೆಲವೆಂದು ಅದರ ತಾತ್ಪರ್ಯ. ಕನ್ನಡದಲ್ಲಿ ‘ಕುರುವ’ ಎಂಬ ಹಳೆಯ ಸೊಗಸಾದ ಮಾತು ಉಂಟು. ಕರಾವಳಿಯವರು ನದಿಯ ನಡುಗಡ್ಡೆಯನ್ನು ‘ಕುದ್ರು’ ಎನ್ನುತ್ತಾರೆ. ಹೆಸರು ಯಾವುದಾದರೂ ಇರಲಿ, ಕಾರನ್ನು ಈಚೆಯ ದಡದಲ್ಲಿಯೇ ಬಿಟ್ಟು ನಡೆಯಬೇಕಾದ ಸ್ಥಳವೊಂದು ಇಂದಿನ ಸಂಸಾರಗಳಿಗೆ ಅಗತ್ಯವಾಗಿ ಬೇಕಾಗಿದೆ. ಬಾಡಿಗೆಯ ವಾಹನದಲ್ಲಿ ಒಂದೇ ದಿನಕ್ಕೆ ಐದು ಕ್ಷೇತ್ರಗಳನ್ನು ಮುಗಿಸಿ ಬರುವವರನ್ನು ನಾವು ಬಹಳ ಕಂಡಿದ್ದೇವೆ. ಮಕ್ಕಳು ಹಿಂದಿನ ಆಸನದಲ್ಲಿ ನಿದ್ರಿಸುತ್ತಿರುತ್ತಾರೆ. ಹಿರಿಯರು ಕಾಲು ಊದಿಸಿಕೊಂಡು ಇಳಿಯುತ್ತಾರೆ. ಅದನ್ನು ಯಾತ್ರೆಯೆನ್ನಲು ನಮ್ಮ ಮನಸ್ಸು ಒಪ್ಪದು.

ಸುತ್ತಲೂ ನೀರಿದ್ದ ಮಾತ್ರಕ್ಕೆ ನಮ್ಮ ಉದ್ದೇಶ ಈಡೇರುವುದಿಲ್ಲ. ಶರಾವತಿಯ ಹಿನ್ನೀರಿನಲ್ಲಿ ಸಿಗಂದೂರಿಗೆ ಹೋಗುತ್ತಿದ್ದ ಲಾಂಚು ಜನರೊಡನೆ ವಾಹನಗಳನ್ನೂ ಹೊತ್ತೊಯ್ಯುತ್ತಿತ್ತು. 2025ರ ಜುಲೈಯಲ್ಲಿ ಅಲ್ಲಿ ಸೇತುವೆಯೇ ಆಯಿತು. ಆ ಭಾಗದ ಜನರಿಗೆ ಅದರಿಂದ ಒಳಿತಾಗಿದೆ, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಪಟ್ಟಿಯಿಂದ ಮಾತ್ರ ಆ ಊರು ಹೊರಗುಳಿಯಿತು. ಹೊನ್ನಾವರದ ಎದುರಿಗೆ ಸಮುದ್ರದಲ್ಲಿ ಕೆಳದಿಯ ಅರಸರ ಬಸವರಾಜ ದುರ್ಗವಿದೆ. ಆ ಹೆಸರನ್ನು ಕೇಳಿದೊಡನೆ ನಮ್ಮ ಓದುಗರ ಮನಸ್ಸು ಅತ್ತ ಓಡುವುದು ಸಹಜ. ಆದರೆ ಅದು ಕೋಟೆಯ ಗೋಡೆ ಮತ್ತು ಪೊದೆಗಳ ನಿರ್ಜನ ಸ್ಥಳ. ಇತಿಹಾಸದಲ್ಲಿ ಆಸಕ್ತಿಯುಳ್ಳ ತರುಣರು ಸ್ಥಳೀಯ ಮೀನುಗಾರರ ಸಲಹೆ ಪಡೆದು ಹೋಗಬಹುದು. ಎಳೆಯ ಮಕ್ಕಳಿರುವ ಕುಟುಂಬಕ್ಕೆ ಅದನ್ನು ಸೂಚಿಸಲಾರೆವು.

ಹಾಗಾದರೆ ಉಳಿಯುವವು ಎರಡು: ಮಲ್ಪೆಯ ಸೇಂಟ್ ಮೇರೀಸ್ ಮತ್ತು ಮುಂಬಯಿಯ ಘಾರಾಪುರಿ.

ಉಡುಪಿಯ ಮಲ್ಪೆ ಬಂದರಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿರುವ ಸೇಂಟ್ ಮೇರೀಸ್ ಸಮೂಹವನ್ನು ಅಲ್ಲಿಯವರು ತೋನ್ಸೆಪಾರ್ ಎಂದೂ ಕರೆಯುತ್ತಾರೆ. 1498ರಲ್ಲಿ ವಾಸ್ಕೋ ಡ ಗಾಮನು ಇಲ್ಲಿ ಇಳಿದು ಈ ಹೆಸರಿಟ್ಟನೆಂಬ ಐತಿಹ್ಯವಿದೆ. ಅದಕ್ಕಿಂತ ಹಿರಿದಾದ ಕಥೆಯನ್ನು ಅಲ್ಲಿಯ ಕಲ್ಲುಗಳೇ ಹೇಳುತ್ತವೆ. ಸುಮಾರು 8.8 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ಭೂಭಾಗವು ಭಾರತದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾರಸವು ತಣಿಯುತ್ತ ಕುಗ್ಗಿ, ಸೀಳಿ, ಕಂಬಗಳ ಆಕೃತಿ ತಾಳಿತು. ಬಹುಮಟ್ಟಿಗೆ ಆರು ಮುಖಗಳುಳ್ಳ ಆ ಕಂಬಗಳನ್ನು ಯಾರೋ ಶಿಲ್ಪಿಗಳು ಕಡೆದು ನಿಲ್ಲಿಸಿದರೆಂಬಂತೆ ತೋರುತ್ತದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಶಾಲೆಗೆ ಹೋಗುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಗದು. ಅಲ್ಲಿ ಜನವಸತಿಯಿಲ್ಲ, ನೆರಳೆಂದರೆ ತೆಂಗಿನ ಮರಗಳದೇ. ಅರ್ಧ ದಿನ ಸಾಕು. ಆದರೆ ಬಂಡೆಗಳು ಜಾರುತ್ತವೆ, ಸೆಳೆತವೂ ಇದೆ, ಈಜಲು ಬಿಡಬಾರದು. ದೋಣಿ ದಡಕ್ಕೆ ತಾಗದ ಸಂದರ್ಭದಲ್ಲಿ ಸಣ್ಣ ದೋಣಿಗೆ ದಾಟಿ ಇಳಿಯಬೇಕಾದೀತು. ಮೊಣಕಾಲು ನೋವಿನವರು ಇದನ್ನು ಮೊದಲೇ ಆಲೋಚಿಸಬೇಕು. ಮಳೆಗಾಲದಲ್ಲಿ ದೋಣಿಗಳು ಹೋಗುವುದಿಲ್ಲ.

ಅಜ್ಜ, ಅಜ್ಜಿ, ಮೊಮ್ಮಕ್ಕಳು ಕೂಡಿ ಇಡೀ ದಿನ ಕಳೆಯಬೇಕೆಂದರೆ ನಮ್ಮ ಮತ ಘಾರಾಪುರಿಗೆ. ಪೋರ್ಚುಗೀಜರು ಅಲ್ಲಿದ್ದ ಕಲ್ಲಾನೆಯನ್ನು ಕಂಡು ಎಲಿಫೆಂಟಾ ಎಂದರು. ಆ ಆನೆ ಈಗ ಮುಂಬಯಿಯ ಜೀಜಾಮಾತಾ ಉದ್ಯಾನದಲ್ಲಿದೆ. ಮುಂಬಯಿಯಲ್ಲಿ ನೆಲೆಸಿದ ಕನ್ನಡಿಗರು ಊರಿನಿಂದ ಬಂದ ತಂದೆತಾಯಿಯರಿಗೆ ಪೇಟೆಯನ್ನೆಲ್ಲ ತೋರಿಸುತ್ತಾರೆ, ಇದನ್ನು ಮಾತ್ರ ಮುಂದಿನ ಸಲಕ್ಕೆ ಇಡುತ್ತಾರೆ. ಗೇಟ್‌ವೇ ಆಫ್ ಇಂಡಿಯಾದ ಧಕ್ಕೆಯಿಂದ ಲಾಂಚಿನಲ್ಲಿ ಸುಮಾರು ಒಂದು ಗಂಟೆಯ ಪ್ರಯಾಣ. ದ್ವೀಪದಲ್ಲಿ ಇಳಿದ ಮೇಲೆ ಕಟ್ಟೆಯ ಉದ್ದಕ್ಕೂ ಓಡುವ ಪುಟ್ಟ ರೈಲು, ಆಮೇಲೆ ನೂರಿಪ್ಪತ್ತರಷ್ಟು ಮೆಟ್ಟಿಲು. ಒಮ್ಮೆ ನಮ್ಮ ತಂಡದಲ್ಲಿದ್ದ ಎಂಬತ್ತರ ತಾಯಿಯೊಬ್ಬರು ನಡುದಾರಿಯಲ್ಲಿ ಕುಳಿತುಬಿಟ್ಟರು. “ನೀವು ಹೋಗಿ ಬರ್ರಿ, ನಾ ಇಲ್ಲೇ ಕುಂತಿರ್ತೀನಿ” ಎಂದರು. ಅವರನ್ನು ಅವಸರಪಡಿಸದೆ ಮೊಮ್ಮಗಳು ಜೊತೆಗೆ ಕುಳಿತಳು. ಅರ್ಧ ಗಂಟೆಯ ತರುವಾಯ ಅವರು ತಾವಾಗಿಯೇ ಎದ್ದು ಮೇಲೆ ಬಂದರು. ಹಿಂದೆ ಯಾವ ವಾಹನವೂ ಕಾಯುತ್ತಿರಲಿಲ್ಲವಾದುದರಿಂದಲೇ ಅದು ಸಾಧ್ಯವಾಯಿತು.

ಒಳಗೆ ಆರನೆಯ ಶತಮಾನದ ಗುಹಾಲಯ. ವಿದ್ವಾಂಸರಲ್ಲಿ ಹಲವರು ಇದನ್ನು ಕಲಚುರಿ ಅರಸರ ಕಾಲದ್ದೆನ್ನುತ್ತಾರೆ. ಕಲ್ಯಾಣದ ಬಿಜ್ಜಳನ ವಂಶಕ್ಕೂ ಇದೇ ಹೆಸರು. ಆದರೆ ನಡುವೆ ಆರು ಶತಮಾನಗಳ ಅಂತರವಿದೆಯೆಂಬುದನ್ನು ಮರೆಯಬಾರದು. ನಾಲ್ಕು ದಿಕ್ಕಿಗೂ ಬಾಗಿಲುಳ್ಳ ಲಿಂಗದ ಗರ್ಭಗೃಹ, ಪ್ರತಿ ಬಾಗಿಲಿನಲ್ಲಿಯೂ ಎತ್ತರದ ದ್ವಾರಪಾಲಕರು. ದಕ್ಷಿಣದ ಗೋಡೆಯಲ್ಲಿ ಮೂರಾಳಿಗೂ ಮಿಗಿಲಾದ ಎತ್ತರದ ಸದಾಶಿವ. ಜನ ಇದನ್ನು ತ್ರಿಮೂರ್ತಿಯೆಂದು ಕರೆದರೂ ಬ್ರಹ್ಮ ವಿಷ್ಣುಗಳು ಅಲ್ಲಿಲ್ಲ. ನೋಡುವವರ ಎಡಕ್ಕೆ ಉಗ್ರನಾದ ಅಘೋರ, ನಡುವೆ ಶಾಂತನಾದ ತತ್ಪುರುಷ, ಬಲಕ್ಕೆ ಸೌಮ್ಯನಾದ ವಾಮದೇವ. ಉಳಿದೆರಡು ಮುಖಗಳನ್ನು ಶಿಲ್ಪಿಯು ಕಾಣಿಸದೆ ಬಿಟ್ಟಿದ್ದಾನೆ. ಪಂಚಮುಖದ ಹೆಸರುಗಳನ್ನು ಬಲ್ಲ ಮನೆಯ ಹಿರಿಯರು ಇದನ್ನು ಮಕ್ಕಳಿಗೆ ತಾವೇ ವಿವರಿಸಬಹುದು. ಮಾರ್ಗದರ್ಶಕನ ಗೊಡವೆ ಬೇಡ. 1987ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ವಾಸಿಸುವ ಹಳ್ಳಿಗರ ಮನೆಗಳಿಗೆ ಸಮುದ್ರದಡಿಯ ತಂತಿಯ ಮೂಲಕ ವಿದ್ಯುತ್ತು ಬಂದುದು 2018ರಲ್ಲಿ! ಅವರಲ್ಲಿ ಎಳನೀರನ್ನೋ ಊಟವನ್ನೋ ಕೊಂಡರೆ ನಮ್ಮ ಹಣ ಸಾರ್ಥಕ.

ಒಂದು ಮಾತನ್ನು ಗಟ್ಟಿಯಾಗಿ ಹೇಳಲೇಬೇಕು. 2024ರ ಡಿಸೆಂಬರ್ 18ರಂದು ಇದೇ ದಾರಿಯ ಲಾಂಚಿಗೆ ನೌಕಾಪಡೆಯ ವೇಗದೋಣಿ ಬಡಿದು ಹತ್ತಕ್ಕೂ ಹೆಚ್ಚು ಜನರು ಮೃತರಾದರು. ಆದುದರಿಂದ ಜೀವರಕ್ಷಕ ಕವಚವನ್ನು ಕೇಳಿ ಪಡೆದು, ಮಕ್ಕಳಿಗೆ ಮೊದಲು ತೊಡಿಸಿ, ಆಮೇಲೆ ಕುಳಿತುಕೊಳ್ಳಬೇಕು. ಬಿಸಿಲಾದರೂ, ನೋಡಿದವರು ನಕ್ಕರೂ ಅದನ್ನು ಬಿಚ್ಚಬಾರದು. ಜನ ತುಂಬಿ ತುಳುಕುವ ದೋಣಿಯನ್ನು ಬಿಟ್ಟು ಮುಂದಿನದಕ್ಕೆ ಕಾಯುವುದು ಲೇಸು.

ಗುಹೆಗಳು ಸೋಮವಾರ ಮುಚ್ಚಿರುತ್ತವೆ. ಸೋಮವಾರವೇ ಶಿವನ ದಿನವೆಂದು ಹೊರಡುವ ನಮ್ಮವರು ಇದನ್ನು ವಿಶೇಷವಾಗಿ ನೆನಪಿಡಬೇಕು. ನವೆಂಬರಿನಿಂದ ಫೆಬ್ರುವರಿಯವರೆಗೆ ಹವೆ ಹಿತಕರ. ಬೆಳಗಿನ ಮೊದಲ ಲಾಂಚುಗಳಲ್ಲೊಂದನ್ನು ಹಿಡಿದರೆ ಮೆಟ್ಟಿಲುಗಳನ್ನು ತಂಪಿನಲ್ಲಿ ಹತ್ತಬಹುದು. ರೊಟ್ಟಿಯ ಬುತ್ತಿಯನ್ನು ಕೈಚೀಲದೊಳಗೆ ಭದ್ರವಾಗಿ ಇಟ್ಟುಕೊಳ್ಳಿರಿ. ಅಲ್ಲಿಯ ಕೋತಿಗಳಿಗೆ ಸಂಕೋಚವೆಂಬುದಿಲ್ಲ. ಹಿಂದಿರುಗುವ ಕೊನೆಯ ಲಾಂಚಿನ ವೇಳೆಯನ್ನು ಇಳಿದೊಡನೆ ಧಕ್ಕೆಯಲ್ಲಿಯೇ ಕೇಳಿ ತಿಳಿದುಕೊಳ್ಳಿರಿ.